ಜಾರರು ಬೆಳೆದ ಬಗೆ

ಮೂರನೇ ಇಯತ್ತೆ ದಾಟಿದ ಮೇಲೆ ‘ಝ’ ಅಕ್ಷರವನ್ನು ಎಷ್ಟು ಸಲ ಕೈಯಾರೆ ಬರೆದಿದ್ದೇವೆ ಅಂತ ಕನ್ನಡಿಗರು ಎದೆ ಮುಟ್ಟಿಕೊಂಡು ಹೇಳಲಿ ನೋಡೋಣ. ಪುಣೆಯ ಕನ್ನಡ ಮಂಡಳಿಯೊಂದರ ಸೆಕ್ರೆಟರಿ ತಾಯಪ್ಪನವರಂತೂ ಬರೆದಿರಲಿಲ್ಲ. ಬಸವಪ್ರಭುವಿನ ಪೀಕಲಾಟ ಶುರುವಾದದ್ದು ಅಲ್ಲಿಂದಲೇ.

ಬಸವಪ್ರಭು ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಧಾರವಾಡದ ಕಡೆಯವ. ಹಗಲೆಲ್ಲ ನಟ್ಟು ಬೋಲ್ಟುಗಳ ನಡುವೆ ಬೆವರಿಳಿಸಿ, ಸಂಜೆ ಮನೆಗೆ ಬಂದು ರಷ್ಯಾದ ಇತಿಹಾಸ ಓದುವುದು ಅವನ ಚಟ. ಸೋವಿಯತ್ ದೇಶವೇ ಒಡೆದುಹೋಗಿ ಆರೇಳು ವರ್ಷವಾಗಿತ್ತು, ಇವನ ಚಟ ಮಾತ್ರ ಬಿಟ್ಟಿರಲಿಲ್ಲ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಇವನಿಗೆ ಹೆಣ್ಣು ಸಿಕ್ಕಿರಲಿಲ್ಲ, ಅಷ್ಟೇ.

ಮೂವತ್ತನಾಲ್ಕು ದಾಟಿದ ಮೇಲೆ ಕಡೆಗೂ ಒಂದು ಸಂಬಂಧ ಕೂಡಿಬಂತು. ಬೆಳಗಾವಿ ಕಡೆಯಿಂದ ಬಂದು ಪುಣೆ ಹತ್ತಿರದ ಶಿರೂರಿನಲ್ಲಿ ಹೊಲ ಮಾಡಿಕೊಂಡಿದ್ದ ಕಾಡಪ್ಪನವರ ಕಿರಿಯ ಮಗಳು ರೇಣು. ನೋಡಲು ಹೋದಾಗ ಇವನು ಗಾಬರಿಯಲ್ಲಿ ಚಹಾದ ಕಪ್ಪಿಗೆ ಅವಲಕ್ಕಿ ಚೂಡಾ ಸುರಿದುಕೊಂಡ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ನಗು ಕೇಳಿದಂದಿನಿಂದ ಬಸವಪ್ರಭುವಿಗೆ ಇವಳನ್ನು ಬಿಟ್ಟು ಬೇರೆ ಯಾರೂ ಬೇಡವಾಗಿತ್ತು. ಅವಳೂ ಹೂಂ ಅಂದಿದ್ದಳು. ತಂದೆ ಮಾತ್ರ ಒಂದು ಪರೀಕ್ಷೆ ಇಟ್ಟರು.

“ರವಿವಾರ ಕನ್ನಡ ಮಂಡಳಿಯೊಳಗ ನಿಮ್ಮ ಭಾಷಣ ಅದ ಅಂತಲ್ರಿ, ನಾ ಬರ್ತೀನಿ. ನಾಕ ಮಂದ್ಯಾಗ ಹ್ಯಾಂಗ ಮಾತಾಡ್ತೀರಿ ನೋಡೂಣು. ಛಲೋ ಅನಿಸ್ತಂದ್ರ ಅಲ್ಲೇ ಸಕ್ರಿ ಹಂಚಿ ಸಂಬಂಧ ಗಟ್ಟಿ ಮಾಡಿಬಿಡ್ತೀನಿ.”

ರವಿವಾರ ಮಧ್ಯಾಹ್ನ ಬಸವಪ್ರಭು ಇಸ್ತ್ರಿ ಅಂಗಿ ತೊಟ್ಟು ಹೊರಡುವುದರಲ್ಲಿದ್ದ. ಪಕ್ಕದ ಮನೆಯ ರಂಗೂಬಾಯಿ ಬಾಗಿಲಲ್ಲಿ ನಿಂತು ಇವನ ಹೆಗಲ ಮೇಲಿಂದ ಒಳಗೆ ಇಣುಕಿದರು.

“ಒಳಗ ಯಾರರೆ ಅದಾರೇನಪಾ?”

“ಯಾರೂ ಇಲ್ರಿ. ಯಾಕ್ರಿ?”

“ಏನಿಲ್ಲ ಬಿಡು. ಹದಿನೈದು ವರ್ಷದಿಂದ ನಡದದ ಅಂತ, ಬಾಜೂಕ ಇದ್ದ ನಮಗ ಸುಳಿವ ಹತ್ತಲಿಲ್ಲಲ್ಲೋ! ಮಾರಿ ನೋಡಿದ್ರ ಆಕಳಾ ಇದ್ದಂಗ ಅದಿ.”

“ಏನು ನಡದದ್ರಿ?”

“ಬೋರ್ಡ್ ಹಚ್ಚಿ ಊರಿಗೆಲ್ಲಾ ಸಾರೀದಿ, ಮತ್ತ ನನ್ನ ಕೇಳ್ತಿ?”

ಬಸವಪ್ರಭು ಚಪ್ಪಲಿ ಮೆಟ್ಟಿದ್ದೂ ತಿಳಿಯದಂತೆ ಮಂಡಳಿಯ ಸಭಾಗೃಹಕ್ಕೆ ಓಡಿದ. ಬಾಗಿಲ ಮೇಲೆ ದೊಡ್ಡ ಬೋರ್ಡು: ‘ಜಾರರು ಬೆಳೆದ ಬಗೆ. ಉಪನ್ಯಾಸ: ಶ್ರೀ ಬಸವಪ್ರಭು. ಈ ವಿಷಯದಲ್ಲಿ ಅವರಿಗೆ ಹದಿನೈದು ವರ್ಷಗಳ ಅನುಭವವಿದೆ.’

“ತಾಯಪ್ಪನವರ! ನಾ ಹೇಳಿದ್ದು ‘ರಷ್ಯಾದ ಝಾರರು ಸಾಮ್ರಾಜ್ಯ ಬೆಳೆಸಿದ ಬಗೆ’ ಅಂತ. ಝಾರ್ ಅಂದ್ರ ಅರಸ. ಜಾರ ಅಂದ್ರ ಹಾದರ ಮಾಡಾಂವ!”

ತಾಯಪ್ಪ ಎಲೆ ಜಗಿಯುತ್ತ ಅಂದರು: “ಆ ಝ ಹ್ಯಾಂಗ ಬರೀತಾರ, ನನಗ ನೆನಪಾಗಲಿಲ್ಲ ಮಾರಾಯಾ. ಪೇಂಟರ್ ನೋಡಿದ್ರ ಮರಾಠಿಯವ. ನಾ ಬರದಿದ್ದನ್ನ ಚಿತ್ರಾ ತಗದಂಗ ತಗದಾನ.”

“ರಷ್ಯಾ ಎಲ್ಲಿ ಹೋತ್ರಿ?”

“ಜಾಗಾ ಸಾಲಲಿಲ್ಲ.”

“ಜಗತ್ತಿನಾಗ ಎಲ್ಲಾದಕ್ಕಿಂತ ದೊಡ್ಡ ದೇಶ ಅದು! ನಿಮ್ಮ ಬೋರ್ಡಿನ ಮ್ಯಾಲೆ ಜಾಗಾ ಸಾಲಲಿಲ್ಲಾ?”

ಕಾಡಪ್ಪನವರು ಬರುವ ಹೊತ್ತಾಗಿತ್ತು. ಬಸವಪ್ರಭು ಎದುರಿನ ಪಾನ್ ಅಂಗಡಿಯಿಂದ ಒಂದು ಡಬ್ಬಿ ಸುಣ್ಣ ತಂದು, ಸ್ಟೂಲು ಹತ್ತಿ, ಬೆರಳಿಗೆ ಸುಣ್ಣ ಮೆತ್ತಿಕೊಂಡು ಬೋರ್ಡಿನ ಮುಂದೆ ನಿಂತ. ನಿಂತೇ ಇದ್ದ. ಹದಿನೈದು ವರ್ಷ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಝ ಹೇಗಿರುತ್ತದೆಂದು ಅವನಿಗೂ ನೆನಪಾಗಲಿಲ್ಲ! ಕೆಳಗೊಂದು ಕೊಂಬು ಎಳೆದ, ಬಲಕ್ಕೊಂದು ಸುಳಿ ಸುತ್ತಿದ, ತಪ್ಪೆನಿಸಿ ಅಂಗೈಯಿಂದ ಒರೆಸಿದ. ಕಡೆಗೆ ಉಳಿದೆಲ್ಲ ಅಕ್ಷರ ಮಬ್ಬಾಗಿ ‘ಜಾರ’ ಒಂದೇ ಬೆಳ್ಳಗೆ ಫಳಫಳ ಹೊಳೆಯತೊಡಗಿತು.

ಕೆಳಗೆ ಜನ ಸೇರಿತು. “ಭಲೇ! ತಮ್ಮ ಜಾಹೀರಾತು ತಾವೇ ತಿದ್ದಾಕತ್ತಾರ,” ಎಂದು ಯಾರೋ ಅಂದರು. ಅದೇ ಗಳಿಗೆಗೆ ರಿಕ್ಷಾ ಬಂದು ನಿಂತಿತು. ಕಾಡಪ್ಪ ಇಳಿದರು, ಕೈಯಲ್ಲಿ ಸಕ್ಕರೆಯ ಚೀಲ. ಹಿಂದೆ ರೇಣು. ತಂದೆ ಬೋರ್ಡು ಓದಿದರು, ಸ್ಟೂಲಿನ ಮೇಲಿದ್ದ ಭಾವೀ ಅಳಿಯನನ್ನು ನೋಡಿದರು, ಮತ್ತೊಮ್ಮೆ ಬೋರ್ಡು ಓದಿದರು.

“ಮಾವಾರ, ಇದು ಅಕ್ಷರದ ತಪ್ಪರಿ…”

“ಮೊದಲ ಭಾಷಣ ಆಗಲಿ,” ಎಂದು ಕಾಡಪ್ಪ ಗಂಭೀರವಾಗಿ ಒಳಗೆ ನಡೆದರು.

ಮಂಡಳಿಯ ಸಭೆಗಳಿಗೆ ಎಂದೂ ಮಂದಿಗಿಂತ ಕುರ್ಚಿ ಹೆಚ್ಚು. ಅಂದು ಮಾತ್ರ ಕಿಟಕಿಯಲ್ಲೂ ತಲೆಗಳಿದ್ದವು. ಬಸವಪ್ರಭು ಮೈಕು ಹಿಡಿದವನೇ, ಝಾರ್ ಎಂದರೆ ಯಾರು, ಜಾರ ಎಂದರೆ ಯಾರು ಎಂದು ಬಿಡಿಸಿ ಹೇಳಿದ. ಹಿಂದಿನ ಸಾಲುಗಳಿಂದ ದೊಡ್ಡ ನಿಟ್ಟುಸಿರು ಬಂತು. ರಂಗೂಬಾಯಿ ಎದ್ದು ಮನೆಗೆ ಹೊರಟೇಹೋದರು. ಆದರೆ ಕಾಡಪ್ಪನವರ ಹಣೆಯ ಗಂಟು ಸಡಿಲಿತು. ರೇಣು ಮುಗುಳ್ನಕ್ಕಳು. ಸಾಕು, ಬಸವಪ್ರಭುವಿಗೆ ಹುರುಪು ಬಂತು. ಮಾವ ಒಕ್ಕಲುತನದವರು, ಅವರಿಗೆ ತಿಳಿಯುವಂತೆ ಹೇಳಬೇಕೆಂದು ನಿಶ್ಚಯಿಸಿದ.

“ಮಾಸ್ಕೋ ಅಂದ್ರ ಮೊದಲ ಏನ್ರಿ? ಕಾಡಿನಾಗ ಒಂದು ಸಣ್ಣ ಊರು. ಸುತ್ತ ದೊಡ್ಡ ದೊಡ್ಡವರು, ತಲಿ ಮ್ಯಾಲೆ ಕಪ್ಪ ಕೇಳೋ ತಾತಾರರು. ಅಲ್ಲಿ ಒಬ್ಬ ಇವಾನ ಇದ್ದ. ಝಾರ್ ಅನ್ನೋ ಬಿರುದು ಇನ್ನೂ ಬಂದಿರಲಿಲ್ಲ. ತಾತಾರರ ಪರವಾಗಿ ಅಂವಾ ತಾನೇ ಕರಾ ವಸೂಲಿ ಮಾಡಿದ. ಅವರಿಗೆ ಬಗ್ಗಿ ಬಗ್ಗಿ ಮುಜರೆ ಹೊಡದ, ಅದರಾಗೇ ಬಾಜೂಕಿನವರ ಭೂಮಿ ಕೊಂಡ. ಅವನ ವಂಶದಾಗ ಇನ್ನೊಬ್ಬ ಇವಾನ ಬಂದ. ನೊವ್ಗೊರೊಡ್ ಅನ್ನೋ ಶ್ರೀಮಂತ ಊರು ನುಂಗಿ, ಅವರು ಸಭಾ ಕರೀಲಿಕ್ಕೆ ಬಾರಿಸೋ ಗಂಟೀನೂ ಹೊತ್ಕೊಂಡು ಹೋದ!”

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಬಸವಪ್ರಭು ಮೇಜು ಗುದ್ದಿದ.

“ಥೇಟ್ ಹೊಲದ ಬದು ಒತ್ತಿದಂಗ್ರಿ! ಈ ವರ್ಷ ಒಂದು ಗೇಣು, ಬರೂ ವರ್ಷ ಒಂದು ಮೊಳ. ಜಗಳಾ ಇಲ್ಲ, ಗದ್ದಲಾ ಇಲ್ಲ. ಮಗ್ಗಲದಾಂವ ಮಲಗಿದ್ದಾಗ ಒತ್ತಬೇಕು, ಎದ್ದಾಗ ರಾಮ್ ರಾಮ್ ಅನಬೇಕು. ಆಮ್ಯಾಲೆ ಬಂದವರು ಆ ತಾತಾರರನ್ನೂ ಹಿಂದಕ್ಕ ಒತ್ತಿ, ಹಂಗ ಒತ್ಕೋತ ಒತ್ಕೋತ ಸಮುದ್ರಾನೇ ಮುಟ್ಟಿದ್ರು. ಇದಕ್ಕ ಅನ್ನೂದು ಜಾಣತನ!”

“ಝಾರನಿಗೆ ಹೆಂಡ್ರು ಎಷ್ಟ್ರಿ?” ಎಂದು ಹಿಂದಿನಿಂದ ಒಬ್ಬ ಇನ್ನೂ ಆಸೆ ಬಿಡದೆ ಕೇಳಿದ.

“ನಾಲ್ಕನೇ ಇವಾನನಿಗೆ ಆರೋ ಏಳೋ.”

ಅಲ್ಲಿಗೆ ಹಿಂದಿನ ಸಾಲಿಗೂ ಸಮಾಧಾನವಾಗಿ ಜೋರು ಸಿಳ್ಳೆ ಬಿತ್ತು. ಭಾಷಣ ಗೆದ್ದಿತ್ತು. ಬಸವಪ್ರಭು ಬೆವರು ಒರೆಸಿಕೊಳ್ಳುತ್ತ ಕೆಳಗಿಳಿದು ಬಂದ. ಕಾಡಪ್ಪ ಸಕ್ಕರೆ ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಮಾವಾರ, ಸಕ್ರಿ…?”

“ಇಲ್ರಿ. ಈ ಸಂಬಂಧ ಆಗೂದಲ್ಲ.”

“ಯಾಕ್ರಿ? ನಾ ಅಂಥಾಂವ ಅಲ್ಲ ಅಂತ ಗೊತ್ತಾತಲ್ರಿ!”

“ಅಂಥಾಂವ ಆಗಿದ್ರ ನಡೀತಿತ್ತು,” ಎಂದು ಕಾಡಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದರು. “ಬೋರ್ಡ್ ಓದಿದ ಮ್ಯಾಲೂ ನಾ ಒಳಗ ಬಂದೆ, ಯಾಕ? ಚಾಳಿ ಬಿದ್ದಾಂವ ಮದವಿ ಆದ ಮ್ಯಾಲೆ ಹಾದಿಗೆ ಬರ್ತಾನ, ಎಷ್ಟು ಮಂದೀನ್ನ ನೋಡೀನಿ. ಬದು ಒತ್ತಾಂವ ಮಾತ್ರ ಸಾಯೂತನಕ ಸುಧಾರಿಸೂದಿಲ್ಲ. ನನ್ನ ಹೊಲಕ್ಕ ಹತ್ಕೊಂಡು ಹಿರೇ ಅಳಿಯಂದ ಹೊಲಾ ಅದ. ವರ್ಷಾ ಒಂದೊಂದು ಗೇಣು ಒತ್ಕೋತ ಬಾವೀತನಕ ಬಂದಾನ, ಸಿಕ್ಕಾಗೆಲ್ಲಾ ರಾಮ್ ರಾಮ್ ಅಂತಾನ. ಮೂಡಣದಿಂದ ಅಂವಾ, ಪಡುವಣದಿಂದ ನೀವು ಬಂದ್ರ, ನಾ ಹೊಲದಾಗ ನಿಂದರೂದು ಎಲ್ಲಿ?”

“ನಾ ಹೇಳಿದ್ದು ಇತಿಹಾಸಾರಿ! ನನಗ ಹೊಲಾನೇ ಇಲ್ಲ!”

“ಮಾಸ್ಕೋದಾಂವಗೂ ಮೊದಲ ಎಲ್ಲಿತ್ತು?” ಎಂದು ಕಾಡಪ್ಪ ಮಗಳ ಕೈ ಹಿಡಿದು ರಿಕ್ಷಾ ಹತ್ತಿದರು. ರೇಣು ತಿರುಗಿ ನೋಡಿದಳು. ಈ ಸಲ ನಗಲಿಲ್ಲ. ಬಸವಪ್ರಭುವಿಗೆ ಅಳು ಬಂತು.

ರಿಕ್ಷಾ ನಾಲ್ಕು ಮಾರು ಹೋಗಿ ಗಕ್ಕನೆ ನಿಂತಿತು. ಕಾಡಪ್ಪ ಇಳಿದು, ಧೋತರ ಎತ್ತಿಕೊಂಡು ಓಡೋಡಿ ಬಂದರು. ಬಸವಪ್ರಭು ಎರಡೂ ಅಂಗೈ ಮುಂದೆ ಚಾಚಿದ. ಮನಸ್ಸು ಕರಗಿತು, ಸಕ್ಕರೆ ಬಂತು ಅಂದುಕೊಂಡ.

ಕಾಡಪ್ಪ ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿದರು.

“ಅಲ್ರಿ, ಅಷ್ಟು ದಿನಾ ಒತ್ತಿದ ಆ ತಾತಾರರನ್ನ ಹಿಂದಕ್ಕ ಒತ್ತಲಿಕ್ಕೆ ನಿಮ್ಮ ಇವಾನ ಮೊದಲ ಯಾವ ಕಡಿಂದ ಸುರು ಮಾಡಿದ? ಅದಷ್ಟು ಹೇಳಿಬಿಡ್ರಿ. ಹಿರೇ ಅಳಿಯಾ ನಾಳೆ ಊರಾಗ ಇರೂದಿಲ್ಲ.”