ಜೇಬಿನಲ್ಲಿ ದೊರೆ ಚಾಕು

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವವನು ಗ್ರಹಚಾರವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ, ವಾರಕ್ಕೊಮ್ಮೆಯಾದರೂ ಬರುತ್ತದೆ.

ನಾನು ತಮಿಳುನಾಡಿನ ಗಡಿಯೊಳಗಿನ ಕನ್ನಡದ ಊರು ತಾಳವಾಡಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ತಂತಿಯ ತುದಿ ಕೆರೆಯಲು ಒಂದು ಚಾಕು ಬೇಕೇ ಬೇಕು. ಇಪ್ಪತ್ತಮೂರು ಯಾಕೆ ಬೇಕು ಅಂತ ಹೆಂಡತಿ ಕೇಳಿದರೆ ಮಾತ್ರ ಅಂಗಡಿಗೆ ಹೊತ್ತಾಯಿತು ಅಂತ ಎದ್ದುಬಿಡುತ್ತೇನೆ.

ಇದು ಶುರುವಾದದ್ದು ತಾತನಿಂದ. ತಾತ ಬೆಟ್ಟದ ಕಾಫಿ ತೋಟದಲ್ಲಿ ಒಬ್ಬ ಬಿಳಿ ದೊರೆಗೆ ಅಡುಗೆ ಮಾಡುತ್ತಿದ್ದರು. ದೊರೆ ತನ್ನ ದೇಶಕ್ಕೆ ಹೊರಡುವ ದಿನ ತಾತನ ಕೈಗೆ ಒಂದು ಮಡಿಸುವ ಚಾಕು ಇಟ್ಟು ಹೋದನಂತೆ. ಕರಿಮರದ ಹಿಡಿ, ಎರಡು ಅಲಗು, ಅಲಗಿನ ಬುಡದಲ್ಲಿ ಚಾಕಿಗೇ ಹೆಸರಾದ ಇಂಗ್ಲೆಂಡಿನ ಊರು ಷೆಫೀಲ್ಡ್ ಅಂತ ಕೊರೆದ ಸಣ್ಣ ಅಕ್ಷರ. ತಾತ ಅದರಲ್ಲಿ ಅಡಿಕೆ ಕತ್ತರಿಸಿದರು, ಅಪ್ಪ ಪೆನ್ಸಿಲ್ ಕೆತ್ತಿದರು. ನಾನು ಅದನ್ನು ಸಾಣೆಕಲ್ಲಿನ ಮೇಲೆ ಮಸೆದು ಬಿಸಿಲಿಗೆ ಹಿಡಿದು ನೋಡಿದೆ, ನೋಡಿ ಕೆಟ್ಟೆ. ಆಮೇಲೆ ಮೈಸೂರಿನ ಹಳೇ ಸಾಮಾನಿನ ಅಂಗಡಿ, ಊಟಿಯ ಗುಜರಿ, ಅವರಿವರ ಅಟ್ಟ ಎಂದು ಎಲ್ಲಿ ಇಂಗ್ಲಿಷ್ ಚಾಕು ಕಂಡರೂ ನನ್ನ ಕಾಲು ಅಲ್ಲೇ ನಿಲ್ಲುತ್ತಿತ್ತು.

೧. ಕರುವಿನ ಕೊರಳು

ಪಣಕಹಳ್ಳಿಯ ಒಂದು ಹೊಲಕ್ಕೆ ಮೋಟಾರ್ ನೋಡಲು ಹೋಗಿದ್ದೆ. ಹೊಲದವನು, ಅವನ ತಾಯಿ, ನಾನು, ಮೂವರೇ. ಸ್ವಿಚ್ ಡಬ್ಬಿ ಬಿಚ್ಚಿದ್ದೆ ಅಷ್ಟೆ, ಹಿಂದಿನಿಂದ ಬುಸಬುಸ ಸದ್ದು. ಗೂಟಕ್ಕೆ ಕಟ್ಟಿದ್ದ ಕರು ಅದನ್ನೇ ಸುತ್ತಿ ಸುತ್ತಿ, ಹಗ್ಗ ಕೊರಳಿಗೆ ಬಿಗಿದು, ನೆಲಕ್ಕೆ ಬಿದ್ದಿತ್ತು. ಕಣ್ಣು ಮೇಲಾಗಿತ್ತು, ನಾಲಿಗೆ ಹೊರಗೆ.

ಹೊಲದವನು ಓಡಿಹೋಗಿ ಕರುವಿನ ತಲೆ ಎತ್ತಿ ಹಿಡಿದ. ಗಂಟು ಕಲ್ಲಿನ ಹಾಗೆ ಕಚ್ಚಿತ್ತು. "ಅಣ್ಣೋ, ನಿನ್ ತಾವ ಚಾಕು ಅದೆಯಲ್ಲ! ಕುಯ್ಯಿ, ಬೇಗ ಕುಯ್ಯಿ!"

ಚಾಕು ಇತ್ತು. ಒಂದಲ್ಲ, ಆವತ್ತು ಐದಿತ್ತು. ಮೊದಲನೆಯದನ್ನು ಎಳೆದೆ. ಹಿಂದಿನ ದಿನವಷ್ಟೇ ಮಸೆದು ಎಣ್ಣೆ ಹಚ್ಚಿದ್ದೆ. ಅಲಗು ತೆರೆಯಲು ಉಗುರು ಸಿಕ್ಕಿಸಿದರೆ ಜಾರುತ್ತದೆ, ಮತ್ತೆ ಸಿಕ್ಕಿಸಿದರೆ ಮತ್ತೆ ಜಾರುತ್ತದೆ. ಅದನ್ನು ಬಿಸಾಕಿ ಎರಡನೆಯದಕ್ಕೆ ಕೈ ಹಾಕಿದೆ. ಅದು ತಾತನದ್ದು. ಆ ಮಣ್ಣು ಮೆತ್ತಿದ ಹಗ್ಗಕ್ಕೆ ತಾತನ ಚಾಕು ಹಾಕುವುದೇ ಅಂತ ಕೈ ತಾನಾಗಿ ಹಿಂದೆ ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ಮೂರನೆಯದು ಟಕ್ಕನೆ ತೆರೆದುಕೊಂಡಿತು. ನೋಡಿದರೆ ಅಲಗಲ್ಲ, ಸೀಸೆಯ ಬಿರಡೆ ಕೀಳುವ ತಿರುಪು.

"ಏನ್ ಮಾಡ್ತಾ ಇದ್ದೀಯಣ್ಣಾ!" ಅಂತ ಅವನು ಅಳುವ ಹಾಗೆ ಕೂಗಿದ.

ಅಷ್ಟರಲ್ಲಿ ಅವನ ತಾಯಿ ಗುಡಿಸಲಿನಿಂದ ಕುಡುಗೋಲು ತಂದಳು. ಮೊಂಡು, ತುಕ್ಕು ಹಿಡಿದ ಕುಡುಗೋಲು. ಗರಗರ ಎರಡು ಸಲ ಎಳೆದಳು, ಹಗ್ಗ ತುಂಡಾಯಿತು. ಕರು ಒಂದು ನಿಮಿಷ ಹಾಗೇ ಬಿದ್ದಿತ್ತು. ಆಮೇಲೆ ಕೆಮ್ಮಿ, ಎದ್ದು, ಕಿವಿ ಒದರಿ ತಾಯಿ ಹಸುವಿನ ಹತ್ತಿರ ಓಡಿತು.

ಹೊಲದವನ ತಾಯಿ, ಆ ಅಜ್ಜಿ, ನೆಲದ ಮೇಲೆ ಬಿದ್ದಿದ್ದ ನನ್ನ ಚಾಕುಗಳನ್ನು ಒಂದೊಂದಾಗಿ ಆರಿಸಿ, ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟಳು.

"ಎಲ್ಲಾ ಒಳ್ಳೆ ಚಾಕೇ ಕಣ್ ಮಗ. ತಪ್ಪು ಕರುವಿಂದು. ಸಾಯೋದು ವಸಿ ನಿಧಾನ್ವಾಗಿ ಸಾಯ್ಬೇಕಾಗಿತ್ತು."

೨. ಮಸೆದವನ ನಂಬಿಕೆ

ನಮ್ಮ ಬೀದಿಯ ಕ್ಷೌರದಂಗಡಿಯವನ ಹತ್ತಿರ ಅವನಪ್ಪನ ಕಾಲದ ಮಡಿಸುವ ಕ್ಷೌರದ ಕತ್ತಿ ಇತ್ತು. ಅದೂ ಷೆಫೀಲ್ಡಿನದೇ. ಈಗ ಎಲ್ಲರಿಗೂ ಹೊಸ ಬ್ಲೇಡು, ಹಾಗಾಗಿ ಕತ್ತಿ ಡಬ್ಬಿಯಲ್ಲಿ ಮಲಗಿತ್ತು. "ಅಣ್ಣ, ಇದುಕ್ಕೆ ಒಂದ್ಸಲ ಜೀವ ಕೊಡಿ" ಅಂದ.

ಮೂರು ದಿನ ಕೂತೆ. ಒರಟು ಕಲ್ಲು, ನಯ ಕಲ್ಲು, ಕೊನೆಗೆ ಹಳೇ ತೊಗಲಿನ ಬೆಲ್ಟು. ತೋಳಿನ ಕೂದಲು ಮುಟ್ಟಿದರೆ ಉದುರಬೇಕು, ಹಾಗೆ ಮಾಡಿ ತಂದುಕೊಟ್ಟೆ. ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಕುರ್ಚಿ ಕಡೆ ಕೈ ತೋರಿಸಿದ. "ಕೂತ್ಕೊಳಿ."

"ನಾನ್ಯಾಕಪ್ಪಾ?"

"ಮಸ್ದೋರು ನೀವು. ಮೊದಲ್ನೇ ಮರ್ವಾದೆ ನಿಮ್ದೆ."

ಬೆಂಚಿನ ಮೇಲೆ ಒಬ್ಬ ಮುದುಕರು ಪೇಪರ್ ಓದುತ್ತಾ ಸರದಿ ಕಾಯುತ್ತಿದ್ದರು. ಅವರ ಮುಂದೆ ಒಲ್ಲೆ ಅನ್ನುವುದು ಹೇಗೆ? ಕೂತೆ. ಸೋಪು ಹಚ್ಚಿದ, ಗಲ್ಲ ಹಿಡಿದು ಮೇಲೆತ್ತಿದ. ಅಲಗಿನ ತಣ್ಣಗಿನ ಅಂಚು ಗಂಟಲಿಗೆ ತಾಗಿತು. ಆ ಕ್ಷಣದಲ್ಲಿ ನನಗೆ ನೆನಪಾಯಿತು: ತುದಿಯಲ್ಲಿ ಸಾಸಿವೆಯಷ್ಟು ಒಂದು ಮುಕ್ಕಿತ್ತು, ಅದನ್ನು ಪೂರ್ತಿ ತೆಗೆದೆನೋ ಇಲ್ಲವೋ?

"ಅಣ್ಣ," ಅಂದ ಅವನು ಕತ್ತಿ ಎಳೆಯುತ್ತಲೇ, "ನಾನು ಈ ಕತ್ತಿ ಇಡ್ದು ಅದಿನೆಂಟು ವರ್ಸ ಆಯ್ತು. ಕೈ ವಸಿ ನಡುಗ್ತಾದೆ, ಅಲ್ವಾ?"

ಹೌದು ಅನ್ನಲು ಗಂಟಲು ಅಲ್ಲಾಡಿಸಬೇಕು. ಅಲ್ಲಾಡಿಸಿದರೆ ಗಂಟಲೇ ಇರುವುದಿಲ್ಲ. ಕನ್ನಡಿಯಲ್ಲಿ ನನ್ನ ಕಣ್ಣು ನನಗೇ ಗುರುತು ಸಿಗಲಿಲ್ಲ. ಹತ್ತು ನಿಮಿಷ ಹಾಗೇ ಹೋಯಿತು.

ಕೊನೆಗೆ ಟವೆಲಿನಿಂದ ಒರೆಸಿದ. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಕೆನ್ನೆ ಬಾಳೆ ಎಲೆಯ ಹಾಗೆ ನಯವಾಗಿತ್ತು. ಅವನಿಗೆ ಆನಂದವೋ ಆನಂದ. "ಬನ್ನಿ ತಾತ, ನೀವು ಬನ್ನಿ" ಅಂತ ಮುದುಕರನ್ನು ಕರೆದ.

ಅವರು ಪೇಪರ್ ಮಡಚಿ ಎದ್ದು ಬಾಗಿಲ ಕಡೆ ನಡೆದರು. "ನಂಗೆ ಬ್ಲೇಡೇ ಸಾಕಪ್ಪಾ."

"ಯಾಕ್ ತಾತ? ಒಂದ್ ಗಾಯನೂ ಇಲ್ಲ ನೋಡಿ!"

"ಗಾಯ ನೋಡ್ನಿಲ್ಲ ಕಣಪ್ಪ, ಬೆವ್ರು ನೋಡ್ದೆ. ಮಸ್ದೋನ್ಗೇ ಇಲ್ದ ನಂಬ್ಕೆ ನಂಗೆ ಎಲ್ಲಿಂದ ಬಂದದು?"

೩. ಅಡುಗೆಮನೆ

ಇದು ಚಿಕ್ಕದು. ಹೆಂಡತಿಗೆ ಸಂತೋಷವಾಗಲಿ ಅಂತ ಒಂದು ಭಾನುವಾರ ಮನೆಯ ತರಕಾರಿ ಚಾಕು, ಈಳಿಗೆಮಣೆ ಎಲ್ಲವನ್ನೂ ಮಸೆದಿಟ್ಟೆ. ಊಟದ ಹೊತ್ತಿಗೆ ಅವಳ ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು. ಆ ಕೈಯಲ್ಲೇ ಸಾರು ಬಡಿಸಿದಳು. ಆ ಕೈಯಲ್ಲೇ ಮಜ್ಜಿಗೆ ಹಾಕಿದಳು.

ನಾನು ಕೈ ತೊಳೆಯಲು ಎದ್ದಾಗ ಹೇಳಿದಳು: "ಇಪ್ಪತ್ತು ವರ್ಸದಿಂದ ಆ ಚಾಕು ನನ್ ಮಾತು ಕೇಳ್ತಿತ್ತು. ಇವತ್ತು ನಿಮ್ಮಂಗೆ ಆಗೋಯ್ತು."

೪. ಬಸ್ಸಿನ ಪಕ್ಕದ ಆನೆ

ಸತ್ಯಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ದಿಂಬಂ ಘಾಟಿನ ತಿರುವುಗಳನ್ನೆಲ್ಲ ಹತ್ತಿ ಕಾಡಿನ ರಸ್ತೆಗೆ ಬಂದ ಮೇಲೆ ಡ್ರೈವರ್ ಗಕ್ಕನೆ ನಿಲ್ಲಿಸಿದ. ರಸ್ತೆ ಮಧ್ಯೆ ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಡ್ರೈವರ್ ಎಂಜಿನ್ ಆರಿಸಿದ. ಕಂಡಕ್ಟರ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರ ಕಡೆ ತಿರುಗಿದ. ಬಸ್ಸು ತುಂಬ ಜನ, ಒಂದು ಕೆಮ್ಮಿಲ್ಲ.

ಮರಿ ಇರುವ ಆನೆ ಹತ್ತಿರ ಬಂದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಬಂತು. ಬಸ್ಸಿನ ಪಕ್ಕಕ್ಕೇ ಬಂದು, ಸೊಂಡಿಲನ್ನು ಕಿಟಕಿಗಳ ಸಾಲಿನಲ್ಲಿ ಆಡಿಸುತ್ತಾ, ನನ್ನ ಕಿಟಕಿಯ ಹತ್ತಿರ ನಿಂತಿತು. ನನ್ನ ಪಕ್ಕದಲ್ಲಿ ಹೂ ಮಾರುವ ಹೆಂಗಸು ಬಾಳೆಹಣ್ಣಿನ ಚೀಲವನ್ನು ಸೀರೆಯೊಳಗೆ ಬಚ್ಚಿಟ್ಟು ಕಣ್ಣು ಮುಚ್ಚಿದ್ದಳು. ಆನೆಯ ಉಸಿರಿನ ಬಿಸಿ ನನ್ನ ಕೆನ್ನೆಗೆ ತಾಗುತ್ತಿತ್ತು.

ಹೆದರಿಕೆಯಲ್ಲಿ ಕೈ ಏನು ಮಾಡುತ್ತದೆ ಅಂತ ತಲೆಗೆ ಗೊತ್ತಾಗುವುದಿಲ್ಲ. ಆ ಮೌನದಲ್ಲಿ "ಟಕ್" ಅಂತ ಸದ್ದಾಯಿತು. ಕೆಳಗೆ ನೋಡಿದರೆ ನನ್ನ ಕೈಯಲ್ಲಿ ಎರಡಿಂಚಿನ ಪುಟ್ಟ ಚಾಕು, ಅಲಗು ತೆರೆದು ಹೊಳೆಯುತ್ತಿದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು.

ಹೂವಿನ ಹೆಂಗಸು ಒಂದು ಕಣ್ಣು ತೆರೆದಳು. ಚಾಕು ನೋಡಿದಳು. ಆನೆ ನೋಡಿದಳು. ಮತ್ತೆ ಚಾಕು ನೋಡಿದಳು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು:

"ಮಡ್ಚಿ ಇಟ್ಕೊಳಣ್ಣ. ಅದು ಇದ್ನ ನೋಡ್ಬುಟ್ಟು ನಕ್ಬುಟ್ರೆ ಬಸ್ಸು ಉರುಳೋಯ್ತದೆ."

೫. ನಾನು ಕಲೆಕ್ಟರ್

ಇದನ್ನು ಈಗ ನಗುತ್ತಾ ಹೇಳುತ್ತೇನೆ.

ಮೇಟುಪಾಳ್ಯದಲ್ಲಿ ನನ್ನಂಥದೇ ಚಾಕಿನ ಹುಚ್ಚಿನವರೊಬ್ಬರಿದ್ದಾರೆ. ಅವರಿಗೆ ತೋರಿಸಲೆಂದು ಇಪ್ಪತ್ತಮೂರು ಚಾಕನ್ನೂ ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ವಾಪಸು ಬರುವಾಗ ಭಾವಮೈದನ ಬಿಳಿ ಜೀಪು, ನನಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು. ಕಾಡಿನ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕಿತ್ತು. ಪಕ್ಕದ ಟೀ ಅಂಗಡಿ ಮುಂದೆ ಹತ್ತಿಪ್ಪತ್ತು ಜನ ಕೈಯಲ್ಲಿ ಕಾಗದ ಹಿಡಿದು ಯಾರಿಗೋ ಕಾಯುತ್ತಿದ್ದರು.

ಗಾರ್ಡು ಘಾಟಿನ ಕೆಳಗಿನ ತಮಿಳು ಸೀಮೆಯಿಂದ ಹೊಸದಾಗಿ ಬಂದವನು, ಕನ್ನಡ ಬಾರದು. ಚೀಲ ತಡಕಿ ಬಟ್ಟೆಯ ಸುರುಳಿ ಬಿಚ್ಚಿದ. ಬಿಸಿಲಿಗೆ ಇಪ್ಪತ್ತಮೂರೂ ಮಿರಮಿರ ಮಿಂಚಿದವು. ಅವನ ಮುಖ ಬಿಗಿಯಿತು. ಬಿಳಿ ಹಿಡಿಯ ಒಂದನ್ನು ಎತ್ತಿ, "ತಂದಮಾ?" ಅಂದ. ಆನೆದಂತವೇ ಅಂತ ಕೇಳುತ್ತಿದ್ದಾನೆ!

ಹುಲಿಕಾಡಿನ ಚೆಕ್‌ಪೋಸ್ಟಿನಲ್ಲಿ ದಂತದ ಹಿಡಿಯ ಚಾಕು ಸಿಕ್ಕಿದವನ ಗತಿ ಏನು? ಭಾವಮೈದ ಸ್ಟಿಯರಿಂಗ್ ಹಿಡಿದು ಕಲ್ಲಾದ. ನನ್ನ ಅಂಗಡಿ ತಮಿಳೂ ತೊದಲಿತು. "ಇಲ್ಲೀಂಗ ಸಾರ್, ಎಲುಂಬು, ಮಾಟ್ಟೆಲುಂಬು," ದನದ ಮೂಳೆ ಅಂದೆ. ಅವನು ನಂಬಲಿಲ್ಲ. ಯಾರು ನೀನು, ಇಷ್ಟು ಕತ್ತಿ ಯಾಕೆ ಅಂತ ದನಿ ಏರಿಸಿದ. ಗಾಬರಿಯಲ್ಲಿ ನಾನೂ ಜೋರಾಗಿ ಹೇಳಿದೆ: "ಸಾರ್, ನಾನ್ ಕಲೆಕ್ಟರ್..."

ಚಾಕು ಕಲೆಕ್ಟರ್, ಅಂದರೆ ಚಾಕು ಕೂಡಿಡುವವನು, ಅಂತ ಮುಗಿಸಬೇಕಿತ್ತು. ಮುಗಿಸಲು ಅವನು ಬಿಡಲಿಲ್ಲ. ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದ. ಜಿಲ್ಲಾ ಕಲೆಕ್ಟರ್ ಬರುತ್ತಾರಂತೆ, ಆನೆ ತಡೆಯಲು ತೋಡಿದ ಕಂದಕ ನೋಡುತ್ತಾರಂತೆ ಅಂತ ಬೆಳಗಿನಿಂದ ಸುದ್ದಿಯಿತ್ತು. ಟೀ ಅಂಗಡಿ ಮುಂದಿನ ಜನ ಕಾಯುತ್ತಿದ್ದದ್ದೂ ಅವರಿಗೇ. ಗಾರ್ಡು ಆಗಲೇ ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸುತ್ತಿದ್ದ.

"ಬಾವ, ಸುಮ್ಕಿರಿ, ಗೇಟ್ ತೆಗೀಲಿ, ಓಗ್ಬುಡವ" ಅಂತ ಭಾವಮೈದ ಪಿಸುಗುಟ್ಟಿದ.

"ಕಲೆಕ್ಟ್ರು ಅಂತ ಯಾಮಾರ್ಸೋದು ದಂತುಕ್ಕಿಂತ ದೊಡ್ಡ ಕೇಸು ಕಣ್ಲಾ! ಇಳೀತೀನಿ" ಅಂದೆ.

ಇಳಿದೆ. ಇಳಿದದ್ದೇ ತಪ್ಪಾಯಿತು. ಜನ ಮುತ್ತಿಕೊಂಡರು. ಮುಂದೆ ನಿಂತಿದ್ದ ಜೀರಹಳ್ಳಿಯ ಒಬ್ಬ ಅಜ್ಜ ಕಾಗದ ಕೈಗೆ ತುರುಕಿದ. "ಅಜ್ಜ, ನಾನು ಆ ಕಲೆಕ್ಟರ್ ಅಲ್ಲ" ಅಂದೆ.

"ಯಾವ್ ಕಲೆಕ್ಟ್ರಾದ್ರೇನ್ ಸ್ವಾಮಿ, ಓದಿ."

ಕನ್ನಡದಲ್ಲಿ ಬರೆದಿತ್ತು. ಎಲ್ಲಿ ನೋಡಬೇಕೋ ಗೊತ್ತಾಗದೆ ಕಾಗದವನ್ನೇ ನೋಡಿದೆ. ನೋಡಿದ ಮೇಲೆ ಓದಿದೆ, ಓದುತ್ತಾ ಓದುತ್ತಾ ಅದರೊಳಗೇ ಹೋದೆ. ಕಂದಕ ಕುಸಿದಿದೆ, ಆನೆ ಮೂರು ಸಲ ರಾಗಿ ಹೊಲಕ್ಕೆ ಇಳಿದಿದೆ, ಕಾವಲಿನ ಅಟ್ಟಣೆಯನ್ನು ಕೆಡವಿದೆ, ಮೇಲಿದ್ದ ಅಜ್ಜನ ಮಗ ಕಾಲು ಮುರಿದುಕೊಂಡು ಮಲಗಿದ್ದಾನೆ. ಬಾಯಿ ತಾನಾಗಿ ಕೇಳಿತು: "ಕಂದಕ ಯಾವ ಕಡೆ ಕುಸಿದದೆ ಅಜ್ಜ?"

"ಮೂಡ್ಲಾಗೆ ಸ್ವಾಮಿ, ಉಣ್ಸೇಮರದ್ ತಾವ!" ಅಜ್ಜನ ಮುಖ ಅರಳಿತು.

ಆಗಲೇ ರೇಂಜರ್ ಜೀಪು ಬಂತು. ಅವರು ಟೋಪಿ ಸರಿಮಾಡಿಕೊಳ್ಳುತ್ತಾ ಓಡಿ ಬಂದವರು ನನ್ನ ಮುಖ ನೋಡಿ ನಿಂತರು. ಹಿಂದಿನ ತಿಂಗಳು ಅವರ ಕ್ವಾರ್ಟರ್ಸಿನ ಮೋಟಾರ್ ಸುತ್ತಿಕೊಟ್ಟವನು ನಾನೇ.

"ಮೋಟಾರ್ ಅಂಗಡಿಯವನಲ್ಲವೇನಯ್ಯ ನೀನು?"

ಮತ್ತೆ ಸೆಲ್ಯೂಟ್ ಹೊಡೆದು ನಿಂತಿದ್ದ ಗಾರ್ಡಿನ ಕೈ ನಿಧಾನವಾಗಿ ಕೆಳಗಿಳಿಯಿತು. ನಾನು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿದೆ: ತಾತ, ದೊರೆ, ಷೆಫೀಲ್ಡು, ದನದ ಮೂಳೆ, ಕಲೆಕ್ಟರ್ ಅಂದದ್ದು, ಅರ್ಧಕ್ಕೆ ನಿಂತದ್ದು. ರೇಂಜರ್ ಬಿಳಿ ಹಿಡಿಯನ್ನು ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ನನ್ನ ಇಡೀ ಸಂಸಾರ ಆ ಹಿಡಿಯ ಮೇಲೆ ಕೂತಿತ್ತು.

"ಸಣ್ಣ ಸಣ್ಣ ತೂತಿವೆ. ಮೂಳೆಯೇ," ಅಂದರು ಕೊನೆಗೆ. "ದಂತ ಹೀಗಿರುವುದಿಲ್ಲ. ಮೊದಲು ಇಲ್ಲಿಂದ ಹೊರಡು. ಇನ್ನು ಮೇಲೆ ಯಾರು ಕೇಳಿದರೂ ಮೋಟಾರ್ ಮೆಕ್ಯಾನಿಕ್ ಅನ್ನು, ಸಾಕು."

ಬದುಕಿದೆ ಅಂತ ಚಾಕು ಸುತ್ತಿಕೊಂಡೆ. ಅಜ್ಜನ ಕಾಗದ ಇನ್ನೂ ಕೈಯಲ್ಲೇ ಇತ್ತು. "ಅಜ್ಜ, ನಾನು ಕಲೆಕ್ಟರ್ ಅಲ್ಲ ಅಂತ ಕೇಳಿಸ್ತಲ್ಲ. ಅರ್ಜಿ ತಗೊಳ್ಳಿ" ಅಂದೆ.

ಅಜ್ಜ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮಡೀಕೊಳಿ ಸ್ವಾಮಿ. ಇದು ನಂದು ಐದ್ನೇ ಅರ್ಜಿ. ಕೊನೇಗಂಟ ಓದಿ, ಯಾವ್ ಕಡೆ ಕುಸ್ದದೆ ಅಂತ ಕೇಳ್ದೋರು ನೀವೊಬ್ರೇಯ. ನಿಜ್ವಾದ ಕಲೆಕ್ಟ್ರು ಬಂದ್ಮೇಕೆ ಅವ್ರುನ್ನ ಮೋಟ್ರು ಸುತ್ತಕ್ಕೆ ಕಳಿಸ್ತೀನಿ, ನೀವಿಲ್ಲೇ ಇರಿ!"