ಬಾಗಿಲಿಗಿಂತ ನಾಲ್ಕು ಬೆರಳು ದೊಡ್ಡದು

"ಏಳನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟವನು ನನಗೆ ಅಳತೆ ಹೇಳಿಕೊಡ್ತಾನೆ ನೋಡ್ರಪ್ಪ! ಟೇಪು ಹಿಡಿದವರೆಲ್ಲ ಇಂಜಿನಿಯರ್ ಆಗೋದಾದ್ರೆ ನಮ್ಮ ಬೀದಿ ದರ್ಜಿ ಇಷ್ಟೊತ್ತಿಗೆ ಸೇತುವೆ ಕಟ್ತಿದ್ದ."

ಆಸ್ಪತ್ರೆಯಲ್ಲಿ ವಿಕಿರಣದ ಲೆಕ್ಕ ನೋಡುವ ಫಿಸಿಸಿಸ್ಟ್ ಸಾಹೇಬರು ಇದನ್ನು ಹೇಳಿದ್ದು ಬೆಳಗಿನ ಎಂಟು ಗಂಟೆಗೆ, ಇಬ್ಬರು ನರ್ಸುಗಳು, ಒಬ್ಬ ಎಲೆಕ್ಟ್ರಿಷಿಯನ್, ಆರು ಜನ ಹಮಾಲರು ಮತ್ತು ಚಹಾದ ತಟ್ಟೆ ಹಿಡಿದ ಕ್ಯಾಂಟೀನಿನವನ ಎದುರಿಗೆ. ಎಲ್ಲರೂ ನಕ್ಕರು. ಹಮಾಲರು ಆ ಮಾತು ಕೇಳಿಸಿಕೊಂಡ ಗುಜರಿಯ ಕಡೆಯವರೇ. ಆದರೂ ಅವರ ನಗುವೇ ಜೋರಾಗಿತ್ತು, ಆಸ್ಪತ್ರೆಯ ಚಹಾ ಆಗಲೇ ಅವರ ಹೊಟ್ಟೆ ಸೇರಿತ್ತು.

ಗುಜರಿ ಅಂಥದ್ದೇನೂ ಅಂದಿರಲಿಲ್ಲ. "ಸಾರ್, ಈ ಬಾಗಿಲಲ್ಲಿ ಮೆಷೀನು ಹೋಗಲ್ಲ, ನಾಲ್ಕು ಬೆರಳು ಹೆಚ್ಚಿದೆ" ಅಂದಿದ್ದ, ಅಷ್ಟೆ.

ಗುಜರಿ ಎಂಬುದು ಅವನ ಹೆಸರಲ್ಲ. ದೊಡ್ಡ ಆಸ್ಪತ್ರೆಗಳು ಹಳತೆಂದು ಕೈಬಿಟ್ಟ ಮೆಷೀನುಗಳನ್ನು ಕೊಂಡು ಸಣ್ಣ ಆಸ್ಪತ್ರೆಗಳಿಗೆ ಮಾರುವ ಮಾಲೀಕರೊಬ್ಬರ ಬಳಿ ಅವನು ಬಿಚ್ಚುವ, ಹೊರುವ, ಮತ್ತೆ ಜೋಡಿಸುವ ಕೆಲಸ ಮಾಡುತ್ತಿದ್ದ. ಯಾವ ಆಸ್ಪತ್ರೆಗೆ ಹೋದರೂ ಜನ ಅವನನ್ನು ಕರೆಯುತ್ತಿದ್ದುದು ಹಾಗೆಯೇ. ಇವತ್ತು ಬಿಚ್ಚಬೇಕಾಗಿದ್ದದ್ದು ಕ್ಯಾನ್ಸರ್ ಗೆಡ್ಡೆಯ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ, ರೋಗಿಗಳ ಬಾಯಲ್ಲಿ 'ಕರೆಂಟು ಕೊಡೋ ಮೆಷೀನು'. ಬಿಡಿಭಾಗ ತೆಗೆದ ಮೇಲೂ ನಾಲ್ಕು ಆನೆ ಭಾರ. ಕಿರಣ ಹೊರಗೆ ಸೋರದ ಹಾಗೆ ಆ ಕೋಣೆಗೆ ಆಳೆತ್ತರ ದಪ್ಪದ ಗೋಡೆಗಳು, ಒಳಗೆ ಹೋಗಲು ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ದಾರಿ.

ಇವತ್ತಿನ ಮೆಷೀನಿನ ಮೇಲೆ ಗುಜರಿಯ ಮನೆಯೇ ನಿಂತಿತ್ತು. ಕೊಳ್ಳುವವರು ದೂರದ ಸಣ್ಣ ಆಸ್ಪತ್ರೆಯ ಡಾಕ್ಟರಮ್ಮ. "ಹಳೇ ಮೆಷೀನು, ದಿನಾ ಒಂದು ಕಾಯಿಲೆ ಬೀಳುತ್ತೆ. ಅದರ ಜೊತೆಗೇ ನೀನೂ ಬಂದುಬಿಡು. ತಿಂಗಳ ಸಂಬಳ, ಎರಡು ಕೋಣೆ ಕ್ವಾರ್ಟರ್ಸು" ಎಂದಿದ್ದರು. ಎಂಟು ವರ್ಷ ಲಾರಿಯ ಟಾರ್ಪಾಲಿನ ಕೆಳಗೆ ಮಲಗಿ ಗುಜರಿಗೆ ಸಾಕುಸಾಕಾಗಿತ್ತು. ಹೆಂಡತಿ ತವರಿನಲ್ಲಿದ್ದಳು. "ಚಾವಣಿ ಅಂತ ಒಂದು ತೋರಿಸು, ಆಮೇಲೆ ಕರಿ" ಎಂದು ಹೇಳಿ ಹೋದವಳು ಎರಡು ವರ್ಷವಾದರೂ ಬಂದಿರಲಿಲ್ಲ. ಮೆಷೀನು ಇವತ್ತು ಲಾರಿ ಹತ್ತಿದರೆ ಗುಜರಿಯೂ ಹತ್ತುತ್ತಿದ್ದ.

"ಒಳಗೆ ಬಂದಿದೆ ತಾನೆ?" ಎಂದರು ಫಿಸಿಸಿಸ್ಟ್. "ಬಂದ ದಾರೀಲೇ ಹೋಗುತ್ತೆ. ಇದಕ್ಕೆ ಟೇಪು ಬೇಡ, ತಲೆ ಬೇಕು. ನಾನೇ ಒಳಗೆ ನಿಂತು ದಾರಿ ಹೇಳ್ತೀನಿ, ನೀವು ಆಚೆಯಿಂದ ಎಳೀರಿ."

ಎಳೆದರು. ಉಕ್ಕಿನ ಗಾಲಿಗಳ ಮೇಲೆ ಮೆಷೀನು ಹತ್ತೂವರೆಯವರೆಗೆ ಒಳ್ಳೆಯ ಅಳಿಯನ ಹಾಗೆ ಹೇಳಿದ ಮಾತು ಕೇಳಿತು. ಬಾಗಿಲ ತಿರುವಿಗೆ ಬಂದದ್ದೇ ತಡ, ತಂಬಿಗೆಯೊಳಗೆ ತಲೆ ತೂರಿಸಿದ ನಾಯಿಯಂತೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಬದಿಯ ಗೋಡೆಗೆ ಕಚ್ಚಿಕೊಂಡ ಆ ಲೋಹದ ಬಿರಡೆಯ ಆಚೆ, ಕೋಣೆಯೊಳಗೆ, ಸಾಹೇಬರು ಉಳಿದುಬಿಟ್ಟರು.

"ಎಡಕ್ಕೆ! ಎಡಕ್ಕೆ ಎಳೀರಿ ಅಂದ್ನಲ್ಲ!" ಒಳಗಿನಿಂದ ದನಿ ಬಂತು.

"ಸಾರ್, ಯಾರ ಎಡಕ್ಕೆ?" ಎಂದು ಹಮಾಲನೊಬ್ಬ ಕೇಳಿದ. ಆಚೆಯಿಂದ ಬಂದ ಉತ್ತರ ಬರೆಯುವಂಥದ್ದಲ್ಲ.

ಸುದ್ದಿ ವಾರ್ಡಿನಿಂದ ವಾರ್ಡಿಗೆ ಹಾರಿತು. ಆಸ್ಪತ್ರೆಯಲ್ಲಿ ಕೈ ಖಾಲಿ ಇದ್ದವರೆಲ್ಲ ಬಂದು ನೆರೆದರು. ಖಾಲಿ ಇಲ್ಲದವರು ಖಾಲಿ ಮಾಡಿಕೊಂಡು ಬಂದರು. ಕ್ಯಾಂಟೀನಿನವನು ಎಣ್ಣೆ ಸುರಿಯಿರಿ ಎಂದ. ದೊಡ್ಡ ನರ್ಸಮ್ಮ, "ಬೆರಳಿಂದ ಉಂಗುರ ತೆಗೀತೀವಲ್ಲ, ಸೋಪು ಹಚ್ಚಿ" ಎಂದರು. ಕಾವಲುಗಾರ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಮಾರು ದೂರದಲ್ಲಿ ನಿಂತಿದ್ದ.

"ಅದೇನಪ್ಪ ಹಾಗೆ ನಿಂತಿದೀಯ?" ಎಂದ ಗುಜರಿ.

"ಕಿರಣ ಬಡಿದ್ರೆ?"

"ಪ್ಲಗ್ಗು ಕಿತ್ತ ಫ್ಯಾನು ಗಾಳಿ ಬೀಸುತ್ತೇನೋ?"

"ನಿಮಗೇನಣ್ಣ, ಕಳಕೊಳ್ಳೋಕೆ ಏನಿದೆ" ಎಂದ ಕಾವಲುಗಾರ, ಕೈ ತೆಗೆಯದೆ.

ಮಾಲೀಕರ ಫೋನು ಬಂತು. "ಬಣ್ಣ ಕಿತ್ತರೆ ನಿನ್ನ ಚರ್ಮ ಕೀಳ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಅದಾದ ಮೇಲೆ ಹೆಂಡತಿಯದು. "ಪಾತ್ರೆ ಎಲ್ಲ ಕಟ್ಟಿಟ್ಟಿದೀನಿ. ಆ ಮನೇಲಿ ಕಿಟಕಿ ಎಷ್ಟು?" ಗುಜರಿ ಆಗ ಮೆಷೀನಿನ ಅಡಿಯಲ್ಲಿ ಅಂಗಾತ ಮಲಗಿ ಗಾಲಿ ನೋಡುತ್ತಿದ್ದ. "ಎರಡು ಕಣೇ" ಎಂದು ಬಾಯಿಗೆ ಬಂದದ್ದು ಹೇಳಿದ. ಅದೇ ಸಂದಿಯಲ್ಲಿ ಸಾಹೇಬರಿಗೆ ಒಂದು ಲೋಟ ಚಹಾವನ್ನೂ ದಾಟಿಸಿದ. "ಸಕ್ಕರೆ ಕಮ್ಮಿ" ಎಂದು ಒಳಗಿನಿಂದ ಬಂತು.

ಮಧ್ಯಾಹ್ನಕ್ಕೆ ಡಾಕ್ಟರಮ್ಮ ಲಾರಿಯೊಡನೆ ಬಂದಿಳಿದರು. ಅದೇ ಹೊತ್ತಿಗೆ ಆಸ್ಪತ್ರೆಯ ಅಧ್ಯಕ್ಷರೂ ಬಂದರು. ಇಬ್ಬರೂ ಒಡಹುಟ್ಟಿದವರು, ಅಕ್ಕ ಮತ್ತು ತಮ್ಮ. ಅಪ್ಪ ಕಟ್ಟಿದ ಈ ಆಸ್ಪತ್ರೆ ಯಾರಿಗೆ ಎಂಬ ಜಗಳದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ತಮ್ಮನ ಮೆಷೀನನ್ನು ಅಕ್ಕ ಕೊಳ್ಳಲು ನಡುವೆ ಗುಜರಿಯ ಮಾಲೀಕರು ಬೇಕಾದದ್ದು ಅದಕ್ಕೇ. ಈಗ ಮಾಲೀಕರಿಲ್ಲದ್ದರಿಂದ ಆ ಪಾಲೂ ಗುಜರಿಯ ತಲೆಗೇ ಬಂತು.

"ಅವರಿಗೆ ಹೇಳು, ಆರು ಗಂಟೆಗೆ ನನ್ನ ಹೊಸಾ ಮೆಷೀನು ಬರುತ್ತೆ. ಅಷ್ಟರೊಳಗೆ ಇದು ಜಾಗ ಬಿಡಬೇಕು" ಎಂದರು ಅಧ್ಯಕ್ಷರು, ಮೂರಡಿ ದೂರದಲ್ಲಿದ್ದ ಅಕ್ಕನನ್ನು ನೋಡದೆ.

ಗುಜರಿ ತಿರುಗಿ, "ಅಮ್ಮಾ, ಆರು ಗಂಟೆಗೆ..." ಎಂದ.

"ನನಗೆ ಕಿವಿ ಇದೆ. ಅವರಿಗೆ ಹೇಳು, ಸಿಕ್ಕಿಹಾಕಿಸಿದ್ದು ಅವರ ಪಂಡಿತ."

ಹೀಗೆ ಎರಡು ಸುತ್ತು ಟಪಾಲು ಸಾಗಿಸಿದ ಮೇಲೆ ಗುಜರಿಯ ಕತ್ತು ನೋಯತೊಡಗಿತು. ಅವನು ಸ್ಪ್ಯಾನರು ಹಿಡಿದು ಹೊರಗೆ ಹೋದ. ಕೋಣೆಯ ಹೊರಗೋಡೆಯನ್ನು ಮೊಳಕ್ಕೊಂದರಂತೆ ತಟ್ಟುತ್ತ ಬಂದ. ಎಲ್ಲೆಡೆ ಕಲ್ಲಿನ ಸದ್ದು, ಒಂದು ಕಡೆ ಮಾತ್ರ ಬೇರೆ. ಗಾರೆ ಕೆರೆದ. ಒಳಗೆ ಸಿಮೆಂಟು ಹಾಕದೆ ಒಂದರ ಮೇಲೊಂದು ಪೇರಿಸಿದ ಕಾಂಕ್ರೀಟ್ ಇಟ್ಟಿಗೆಗಳು! ಮೆಷೀನು ಒಳಗೆ ಬಂದದ್ದು ಇಲ್ಲಿಂದ. ಆಮೇಲೆ ಇಟ್ಟಿಗೆ ಪೇರಿಸಿ, ಗಾರೆ ಬಳಿದು, ಮರೆತಿದ್ದರು.

ಆದರೆ ಆ ಗಾರೆಯ ಮೇಲೆಯೇ ಇಬ್ಬರ ಅಪ್ಪನ ಕಲ್ಲಿನ ಮುಖ ಇತ್ತು. ಎದೆಯವರೆಗೆ, ಕನ್ನಡಕ ಸಮೇತ.

"ಅವರಿಗೆ ಹೇಳು," ಎಂದರು ಅಧ್ಯಕ್ಷರು, "ಅಪ್ಪನ ಮುಖಕ್ಕೆ ಹಾರೆ ಹಾಕಿಸೋಕೆ ನನ್ನ ಕೈಲಾಗಲ್ಲ."

"ಅವರಿಗೆ ಹೇಳು, ಬದುಕಿದ್ದಾಗ ಹಾಕಿದ್ದು ಸಾಲದೇನು ಅಂತ."

ಗುಜರಿಗೆ ರೇಗಿತು. "ಅಮ್ಮಾ, ಸಾರ್, ನಾನು ಹೇಳೋದು ಇಬ್ಬರೂ ಕೇಳಿ. ಒಳಗೆ ನಿಮ್ಮ ಸಾಹೇಬ್ರು ಐದು ಲೋಟ ಚಹಾ ಕುಡಿದಿದ್ದಾರೆ. ಒಳಗೆ ಬಚ್ಚಲಿಲ್ಲ."

ಡಾಕ್ಟರಮ್ಮನ ಭುಜ ಕುಲುಕತೊಡಗಿತು. "ಅಪ್ಪ ಇದ್ದಿದ್ರೆ, ಬಾಗಿಲು ಎಲ್ಲಿಟ್ಟಿದ್ದೆ ಅನ್ನೋದೂ ಮರೆತ್ಯೇನೋ ಕತ್ತೆ ಅಂತ ನಿನಗೇ ಬೈತಿದ್ರು ಕಣೋ" ಎಂದರು, ನೇರವಾಗಿ ತಮ್ಮನಿಗೆ. ಅಧ್ಯಕ್ಷರು ಕರವಸ್ತ್ರ ಹುಡುಕಿದರು.

ಅಪ್ಪನನ್ನು ಕಂಬಳಿಯಲ್ಲಿ ಸುತ್ತಿ ಮರದ ಕೆಳಗೆ ಕೂರಿಸಿದರು. ಇಟ್ಟಿಗೆಗಳು ಒಂದೊಂದಾಗಿ ಇಳಿದವು. ಮೊದಲ ಕಿಂಡಿಯಿಂದಲೇ ಸಾಹೇಬರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಬೆಳ್ಳಗೆ ನುಸುಳಿ, ಯಾರ ಮುಖವನ್ನೂ ನೋಡದೆ ಓಡಿದರು. ಹಮಾಲರು ಅದೇ ಕಿಂಡಿಯಿಂದ ಒಳಗೆ ಹೋಗಿ, ಸಾಹೇಬರಿದ್ದ ಕಡೆಯಿಂದ ಹಿಂದಕ್ಕೆಳೆದು ಮೆಷೀನನ್ನು ಬಿಡಿಸಿದರು. ಐದೂವರೆಗೆ ಡಾಕ್ಟರಮ್ಮನ ಲಾರಿಯ ಜೊತೆ ಬಂದಿದ್ದ ಕ್ರೇನು ಅದನ್ನು ಮಗು ಎತ್ತಿದಂತೆ ಎತ್ತಿ ಹುಲ್ಲಿನ ಮೇಲೆ ಇಳಿಸಿತು. ಒಂದು ಗೀರೂ ಬಿದ್ದಿರಲಿಲ್ಲ.

"ಭೇಷ್" ಎಂದರು ಡಾಕ್ಟರಮ್ಮ. "ಲಾರಿಗೆ ಏರಿಸಿ ಹೊರಡೋಣ. ಮನೆ ಕೀ ನನ್ನ ಬ್ಯಾಗಲ್ಲೇ ಇದೆ."

ಗುಜರಿಯ ಮೈಯಲ್ಲಿ ನೋಯದ ಮೂಳೆ ಇರಲಿಲ್ಲ. ಆದರೂ ಅವನ ಬಾಯಿ ತಾನಾಗಿ ಅಗಲವಾಯಿತು.

ಅಷ್ಟರಲ್ಲಿ ಹೊಸ ಮೆಷೀನಿನ ಲಾರಿ ಗೇಟಿನೊಳಗೆ ಬಂತು. ಮೈ ತೊಳೆದು ತಲೆ ಬಾಚಿದ ಸಾಹೇಬರೂ ಬಂದರು. ನೆರೆದವರ ನಡುವೆ ನಿಂತು, ಅಧ್ಯಕ್ಷರಿಗೆ ಹೇಳುತ್ತಿದ್ದರು: "ಗೋಡೇಲಿ ದಾರಿ ಇರಲೇಬೇಕು ಅಂತ ನನಗೆ ಮೊದಲೇ ಅನುಮಾನ ಇತ್ತು ಸಾರ್. ಒಳಗಿದ್ದೇ ಲೆಕ್ಕ ಹಾಕಿದೆ. ಈ ಹುಡುಗರಿಗೆ ನಾವು ಹೇಳಿದಷ್ಟೇ ಗೊತ್ತಾಗೋದು."

ಹಮಾಲರು ಹಗ್ಗ ಕಟ್ಟುತ್ತಿದ್ದರು. ಇನ್ನು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಗುಜರಿ ಊರು ದಾಟಿರುತ್ತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ, ಬೆಳಗಿನಿಂದ ನುಂಗಿದ್ದೆಲ್ಲ ಗಂಟಲಿಗೆ ಬಂತು. ಈಗ ಬಂದ ಹೊಸ ಮೆಷೀನಿನಂಥವನ್ನು ಅವನು ಎರಡು ಬಿಚ್ಚಿದ್ದ. ಲಾರಿಯ ಮೇಲಿದ್ದ ಅದರ ಪೆಟ್ಟಿಗೆಯ ಕಡೆ ನೋಡಿದ. ಕಿಂಡಿಯಿಂದ ಕೋಣೆಯ ಸೂರನ್ನು ನೋಡಿದ. ಎಲ್ಲರಿಗೂ ಕೇಳುವಂತೆ ಹೇಳಿದ:

"ಸಾರ್, ಈ ಹೊಸದರ ತೋಳು ರೋಗಿ ಸುತ್ತ ತಿರುಗುವಾಗ ಸೂರಿಗೆ ಬಡಿಯುತ್ತೆ. ಒಂದು ಗೇಣು."

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರೇ ಟೇಪು ತರಿಸಿ ಅಳೆಸಿದರು. ಒಂದು ಗೇಣು, ಮೇಲೆರಡು ಬೆರಳು. ಸಾಹೇಬರು ಕಂಪನಿಗೆ ಅಳತೆ ಬರೆದು ಕಳಿಸಿದ್ದು ಹಳೆಯ ನಕ್ಷೆ ನೋಡಿ. ನಕ್ಷೆಯಾದ ಮೇಲೆ ಸೂರಿಗೆ ಇನ್ನೊಂದು ಪದರ ಕಾಂಕ್ರೀಟು ಬಿದ್ದಿತ್ತು. ಸಾಹೇಬರ ಮುಖ ಮತ್ತೆ ಗಿರಣಿಯ ಬಣ್ಣಕ್ಕೆ ತಿರುಗಿತು. ಗುಜರಿ ಆ ಮುಖವನ್ನು ಚಹಾ ಆರುವಷ್ಟು ಹೊತ್ತು ಕಣ್ತುಂಬ ನೋಡಿದ.

ಆ ಹೊತ್ತಿನಲ್ಲಿ ಅಕ್ಕ ತಮ್ಮ ಮಾತಾಡಿಕೊಳ್ಳುತ್ತಿದ್ದರು, ನಡುವೆ ಯಾರೂ ಇಲ್ಲದೆ.

"ಅಕ್ಕಾ, ನಿನ್ನ ಕೋಣೆ ಸೂರು ಹೇಗಿದೆ?"

"ಎತ್ತರವಾಗೇ ಕಟ್ಟಿಸಿದೀನಿ ಕಣೋ."

"ಹಾಗಾದ್ರೆ ಹೊಸದು ನೀನು ತಗೊಂಡು ಹೋಗು. ಹಳೇದು ಅಪ್ಪ ತಂದದ್ದು, ನನಗಿರಲಿ. ಮಿಕ್ಕಿದ್ದು ಮನೆ ಮಾತು, ಆಮೇಲೆ ನೋಡೋಣ."

ಹಮಾಲರು ಕಟ್ಟಿದ ಹಗ್ಗ ಬಿಚ್ಚತೊಡಗಿದರು.

"ಅಮ್ಮಾ," ಗುಜರಿ ಹತ್ತಿರ ಬಂದ, "ಹೊಸದರ ಜೊತೆಗೂ ನಾನು ಬರ್ತೀನಲ್ಲ?"

ಡಾಕ್ಟರಮ್ಮ ಅವನ ತೋಳು ಮುಟ್ಟಿದರು. "ಹೊಸದಕ್ಕೆ ಹತ್ತು ವರ್ಷ ಕಂಪನಿಯ ಇಂಜಿನಿಯರೇ ಇರ್ತಾನಂತಪ್ಪ. ಬೇರೆಯವರು ಮುಟ್ಟೋ ಹಾಗಿಲ್ಲವಂತೆ. ಆ ಮನೇನೂ ಅವನಿಗೇ ಕೊಡಬೇಕು. ನೀನು ಒಂದಿನ ಹೆಂಡತೀನ ಕರ್ಕೊಂಡು ಊಟಕ್ಕೆ ಬಾ. ನಮ್ಮಿಬ್ಬರನ್ನ ಒಂದು ಮಾಡಿದವನು ನೀನು."

ಹೊಸ ಮೆಷೀನಿನ ಲಾರಿ ತಿರುಗಿಕೊಂಡು ಗೇಟು ದಾಟಿತು. ಡಾಕ್ಟರಮ್ಮನ ಲಾರಿ ಖಾಲಿಯಾಗಿ ಹಿಂದೆ ಹೋಯಿತು. ಹುಲ್ಲಿನ ಮೇಲೆ ಹಳೆಯ ಮೆಷೀನೂ ಗುಜರಿಯೂ ಉಳಿದರು.

ಸಾಹೇಬರು ಮೆಲ್ಲಗೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಕಣ್ಣು ಅಂದ್ರೆ ನಿಮ್ಮದು ಕಣ್ರೀ. ಸೋಮವಾರದಿಂದ ರೋಗಿಗಳಿದ್ದಾರೆ, ಇದನ್ನ ವಾಪಸ್ ಒಳಗೆ ಕೂರಿಸಬೇಕಲ್ಲ. ನಿಮ್ಮ ಮಾಲೀಕರು ಆಗಲೇ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತೀರಿ?"

ಗುಜರಿ ಹೆಗಲ ಮೇಲಿನ ಕೈಯನ್ನು ಎರಡು ಬೆರಳಿನಲ್ಲಿ ಎತ್ತಿ, ಬಿದ್ದ ಎಲೆಯಂತೆ ಪಕ್ಕಕ್ಕಿಟ್ಟ. ಸ್ಪ್ಯಾನರನ್ನು ಹುಲ್ಲಿನ ಮೇಲೆಯೇ ಬಿಟ್ಟು ಗೇಟಿನ ಕಡೆ ನಡೆದ.

"ರೀ, ಎಂಟಕ್ಕಾ? ಒಂಬತ್ತಕ್ಕಾ?" ಸಾಹೇಬರು ಹಿಂದಿನಿಂದ ಕೂಗುತ್ತಲೇ ಇದ್ದರು. ಅವನು ರಸ್ತೆ ದಾಟಿದ.