ಷಡ್ಡಕನಿಗಿಂತ ಗಟ್ಟಿ ಪೆಟ್ಟಿಗೆ

ಷಡ್ಡಕ ಸಮುದ್ರದ ತಳಕ್ಕೆ ಇಳಿದದ್ದಕ್ಕೆ ನಮ್ಮ ಪಾರ್ಸೆಲ್ ಗುಮಾಸ್ತನ ಅಭ್ಯಂತರವೇನೂ ಇರಲಿಲ್ಲ. ಆ ಫೋಟೋವನ್ನು ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಅಲ್ಲಿಂದ ಶುರುವಾಯಿತು. ಅವಳ ತಂಗಿಯ ಗಂಡ ಸ್ಕೂಬಾ ವೇಷದಲ್ಲಿ ಮೀನುಗಳ ನಡುವೆ ಕೈಬೀಸುತ್ತಿದ್ದ. ಹಾಲು ತೆಗೆಯಲು ಹೋದಾಗಲೆಲ್ಲ ಗುಮಾಸ್ತನ ಹೊಟ್ಟೆ ಉರಿಯುತ್ತಿತ್ತು. ಹಟಕ್ಕೆ ಬಿದ್ದು ತಾನೂ ಕಲಿತ, ಸಾಮಾನೆಲ್ಲ ಕೊಂಡ. ಇವತ್ತು ಸಂಜೆ ಷಡ್ಡಕನೂ ತಾನೂ ಸಮುದ್ರಕ್ಕಿಳಿಯಲು ಒಂದೇ ವಿಮಾನದಲ್ಲಿ ಹೊರಡಬೇಕು. ಬ್ಯಾಗೊಂದು ಬಾಕಿ. ಅದರಲ್ಲಾದರೂ ಷಡ್ಡಕನನ್ನು ಮೀರಿಸದಿದ್ದರೆ ಬದುಕಿದ್ದೇನು ಪ್ರಯೋಜನ?

"ಇದು ತಗೊಳ್ಳಿ ಸಾರ್," ಅಂಗಡಿಯವನು ಚಕ್ರದ ಬಟ್ಟೆ ಬ್ಯಾಗು ತೋರಿಸಿದ. "ಹಗುರ. ಜೋಡಿ ಹೊಲಿಗೆ. ಒದ್ದೆ ಸಾಮಾನಿಗೆ ಅಂತ ಅಡಿಯಲ್ಲಿ ಜಾಲರಿ ಇದೆ. ಡೈವಿಂಗ್ ಮಾಡೋರೆಲ್ಲ ಇದನ್ನೇ ಒಯ್ಯೋದು."

"ನಮ್ಮ ಷಡ್ಡಕನ ಹತ್ರಾನೂ ಇದೇ ಇದೆ. ಬೇರೆ ತೋರಿಸಿ."

ಜೊತೆಗೆ ಬಂದಿದ್ದ ಪಕ್ಕದ ಮನೆಯ ನಿವೃತ್ತ ಫೋರ್‌ಮನ್ ಮೂಲೆಯಲ್ಲಿದ್ದ ತಗಡಿನ ಅಂಚಿನ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಒದ್ದು, ಕೊನೆಗೆ ಅದರ ಮೇಲೇ ಕೂತರು. "ಇದರ ಮೇಲೆ ಲಾರಿ ಹತ್ತಿದ್ರೆ ಲಾರಿಗೇ ಪೆಟ್ಟು ಕಣಯ್ಯಾ."

ಇಬ್ಬರೂ ಸೇರಿ ಹೊತ್ತು ಮನೆ ಮುಟ್ಟಿಸುವಷ್ಟರಲ್ಲಿ ಫೋರ್‌ಮನ್ನರ ಸೊಂಟ ಹಿಡಿದುಕೊಂಡಿತು. ಗುಮಾಸ್ತ ಬೆವರು ಒರೆಸುತ್ತಲೇ ಹೆಂಡತಿಗೆ ಹೇಳಿದ: "ನಿನ್ನ ತಂಗಿ ಮನೆಗೆ ಈಗಲೇ ಫೋನ್ ಮಾಡು. ಎಂಥಾ ಗಟ್ಟಿ ಪೆಟ್ಟಿಗೆ ಅಂತ ಬಿಡಿಸಿ ಹೇಳು. ಅವನ ಕಿವಿಗೂ ಬೀಳ್ಲಿ."

ಅವಳು ಒಂದು ಗಂಟೆ ಬಿಡಿಸಿ ಹೇಳಿದಳು. ಸಾಮಾನು ತುಂಬುವ ಕೆಲಸವನ್ನೂ ಅವಳಿಗೇ ಒಪ್ಪಿಸಿ ಗುಮಾಸ್ತ ನೆಮ್ಮದಿಯಾಗಿ ನಿದ್ದೆ ಹೊಡೆದ.

ವಿಮಾನ ನಿಲ್ದಾಣದ ತಕ್ಕಡಿ ಮೂವತ್ತೇಳು ಕಿಲೋ ತೋರಿಸಿತು. "ಇಪ್ಪತ್ತೈದಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ ಸಾರ್. ವಿಮಾನ ಭರ್ತಿ ಇದೆ," ಎಂದಳು ಕೌಂಟರಿನ ಹುಡುಗಿ. ಇಪ್ಪತ್ತು ವರ್ಷ ಕಂಡವರ ಪಾರ್ಸೆಲ್ ತೂಗಿ ತಿರಸ್ಕರಿಸಿದ ಗುಮಾಸ್ತ ತನ್ನದನ್ನು ತೂಗಿ ನೋಡಿರಲಿಲ್ಲ.

ಹಿಂದಿನ ಸಾಲು ಗೊಣಗತೊಡಗಿತು. ಮೇಲ್ಗಡೆ ಇದ್ದದ್ದನ್ನೆಲ್ಲ ತೆಗೆದು ಮೈಮೇಲೆ ಹೇರಿಕೊಳ್ಳದೆ ಗತಿಯಿರಲಿಲ್ಲ. ಪ್ಯಾಂಟಿನ ಮೇಲೆ ರಬ್ಬರಿನ ಸೂಟು, ಅದರ ಮೇಲೆ ಡೈವಿಂಗ್ ಜಾಕೆಟ್ಟು, ಕೊರಳಿಗೆ ಉಸಿರಾಟದ ಕೊಳವೆಗಳು, ಹಣೆಗೆ ಕನ್ನಡಕ, ಕಂಕುಳಲ್ಲಿ ಕಾಲಿನ ರೆಕ್ಕೆ. ತಕ್ಕಡಿ ಸರಿಯಾಗಿ ಇಪ್ಪತ್ತೈದಕ್ಕೆ ನಿಂತಿತು. ಪೆಟ್ಟಿಗೆ ಬೆಲ್ಟಿನ ಮೇಲೆ ಸಾಗಿ ಕಣ್ಮರೆಯಾಯಿತು.

ಅಷ್ಟರಲ್ಲಿ ಷಡ್ಡಕ ಬಂದ. ಗರಿಗರಿ ಅಂಗಿ, ಕೈಯಲ್ಲೊಂದು ಪೇಪರು.

"ಏನ್ ಭಾವ, ಇಲ್ಲಿಂದಲೇ ಹಾಕ್ಕೊಂಡು ಹೊರಟ್ರಾ?"

"ನಿನ್ನ ಸಾಮಾನೆಲ್ಲಿ?" ಎಂದ ಗುಮಾಸ್ತ, ಸೂಟಿನೊಳಗೆ ಬೇಯುತ್ತ.

"ನಿಮ್ಮ ಪೆಟ್ಟಿಗೇಲಿ. ಅಷ್ಟು ಗಟ್ಟಿ ಅಂತ ಅಕ್ಕ ಹೇಳಿದ್ರಲ್ಲ, ಮಧ್ಯಾಹ್ನವೇ ನಿಮ್ಮನೆಗೆ ಕಳಿಸಿಬಿಟ್ಟೆ. ನಂದು ನಜ್ಜುಗುಜ್ಜಾಗಬಾರದು ಅಂತ ಪಾಪ, ಎಲ್ಲಾ ಅಡೀಲೇ ಜೋಡಿಸಿದ್ದಾರಂತೆ."